ಬಾಗಿಲಿಗೆ ಬಂದು ಕರೆದವಳು

ಭೀಮನಬೀಡಿನ ಸಣ್ಣತಾಯಮ್ಮನಿಗೆ ಐವತ್ತೆಂಟು ವರ್ಷ. ಚೆಂಡುಹೂ ಬಿಡಿಸುವ ಆಳುಗಳಲ್ಲಿ ಅವಳ ಕೈ ಮುಂದು, ಬಾಯಿಯಂತೂ ಇನ್ನೂ ಮುಂದು. ಇಂಥ ಹೆಂಗಸು ಗುಂಡ್ಲುಪೇಟೆಯ ಕ್ರೈಸ್ತ ಸಭೆಯಲ್ಲಿ ಮಾತ್ರ ಮೂರು ವರ್ಷದಿಂದ ತೆಪ್ಪಗೆ ಕೂರುತ್ತಿದ್ದಳು. ಪಾಸ್ಟರ್ ಚಂದ್ರಕುಮಾರ್ ತಿಂಗಳಿಗೊಮ್ಮೆ ಚಾಮರಾಜನಗರದಿಂದ ಬಂದು, ಕರ್ತನ ಭೋಜನವೆಂದು ರೊಟ್ಟಿ ಮುರಿದು ಕೊಡುವಾಗ ಎಲ್ಲರೂ ಕೈ ಚಾಚಿದರೆ, ಇವಳು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಮನಸ್ಸಿನಲ್ಲಿ ಒಬ್ಬರ ಮೇಲೆ ಸಿಟ್ಟಿಟ್ಟುಕೊಂಡು ಕರ್ತನ ಭೋಜನ ತೆಗೆದುಕೊಳ್ಳಬಾರದು ಎಂದು ಪಾಸ್ಟರೇ ಹೇಳಿದ್ದರಲ್ಲ. ಚಾಪೆಯ ಆ ತುದಿಯಲ್ಲಿ ಸುಂದ್ರಮ್ಮನ ಕೈಯೂ ಸೆರಗಿನೊಳಗೇ ಇರುತ್ತಿತ್ತು.

ಸುಂದ್ರಮ್ಮ ಬೇರೆ ಯಾರೂ ಅಲ್ಲ, ಇವಳ ಮೈದುನನ ಹೆಂಡತಿ. ಒಂದೇ ಬೀದಿ, ನಡುವೆ ನಾಲ್ಕು ಮನೆ. ಜಗಳ ಹುಟ್ಟಿದ್ದು ಇವಳ ಮಗಳು ಭವ್ಯಳ ಮದುವೆಯಲ್ಲಿ. ನಮ್ಮ ಕಡೆ ಹತ್ತಿರದವರನ್ನು ಮದುವೆಗೆ ಕರೆಯಬೇಕೆಂದರೆ ಅವರ ಬಾಗಿಲಿಗೇ ಹೋಗಿ, ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು ಕರೆಯಬೇಕು. ನಾವೀಗ ಯೇಸುವಿನವರು, ಕುಂಕುಮ ಇಡುವಂತಿಲ್ಲ. ಕುಂಕುಮವೇ ಇಲ್ಲದ ಮೇಲೆ ಬಾಗಿಲಿಗೆ ಹೋಗಿ ಮಾಡುವುದೇನು ಎಂದುಕೊಂಡ ಈ ಬುದ್ಧಿವಂತೆ, ಕಾರ್ಡನ್ನು ಸಭೆಯಲ್ಲೇ ಸುಂದ್ರಮ್ಮನ ಕೈಗೆ ತುರುಕಿಬಿಟ್ಟಳು.

"ಬೀದೀಲಿ ಓಗೋರ್ಗೆ ಕೊಟ್ಟಂಗೆ ಕೊಟ್ಬುಟ್ಲು" ಎಂದು ಸುಂದ್ರಮ್ಮ ಮದುವೆಗೆ ಬರಲೇ ಇಲ್ಲ.

"ಕಾರ್ಡ್ ಕೊಟ್ಟಿವ್ನಲ್ಲ, ಇನ್ನೇನ್ ಪಲ್ಲಕ್ಕಿ ಕಳಿಸ್ಬೇಕಿತ್ತಾ?" ಎಂದು ಇವಳು ಬೀದಿಗೆ ಕೇಳುವಂತೆ ಕೂಗಿದಳು. ಅಲ್ಲಿಗೆ ಮಾತು ನಿಂತಿತು. ತಪ್ಪು ತನ್ನದೇ ಎಂದು ಆರು ತಿಂಗಳಲ್ಲೇ ಇವಳಿಗೆ ಗೊತ್ತಾಗಿತ್ತು. ಆದರೆ ಹಿರಿಯವಳು ತಾನು, ಹೋಗಿ ಏನೆಂದು ಹೇಳುವುದು? ಅತ್ತ ಕೈಗೆ ರೊಟ್ಟಿಯೂ ಇಲ್ಲ, ಇತ್ತ ವಾರಗಿತ್ತಿಯೂ ಇಲ್ಲ.

ಹೋದ ನವೆಂಬರಿನಲ್ಲಿ ಮಿಜೋರಾಂ ಕಡೆಯಿಂದ ಎಂಟು ಜನರ ಸುವಾರ್ತಾ ತಂಡ ಬಂತು. ಆರು ದಿನದ ಸೇವೆ. ಮೊದಲೆರಡು ದಿನ ಚಾಮರಾಜನಗರ, ಆಮೇಲೆ ಗುಂಡ್ಲುಪೇಟೆ. ಭಾನುವಾರದ ಆರಾಧನೆ ಮುಗಿಸಿ, ರಾತ್ರಿ ಕಾಡುದಾರಿಯ ಗೇಟು ಹಾಕುವ ಮೊದಲೇ ಬಂಡೀಪುರ ದಾಟಿ ಕೇರಳಕ್ಕೆ ಹೋಗುವುದು. ಉಳಿಯಲು ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚಿದರು. ಸಣ್ಣತಾಯಮ್ಮನ ಪಾಲಿಗೆ ಬಂದವಳು ಪುಯಿ ಎಂಬ ಇಪ್ಪತ್ತೆರಡರ ಹುಡುಗಿ. ಅವಳಿಗೆ ಕನ್ನಡ ಬಾರದು, ಇವಳಿಗೆ ಕನ್ನಡ ಬಿಟ್ಟರೆ ಬೇರೇನೂ ಬಾರದು. ಇಬ್ಬರಿಗೂ ಗೊತ್ತಿದ್ದ ಮಾತು ಎರಡೇ: ಹಲ್ಲೆಲೂಯ, ಆಮೆನ್.

ಮನೆಗೆ ಬಂದವರಿಗೆ ಕೈಕಾಲಿಗೆ ನೀರು ಕೊಡಬೇಕಲ್ಲ, ಸಣ್ಣತಾಯಮ್ಮ ಹೊಸಿಲ ಬಳಿ ಒಂದು ಚೊಂಬು ನೀರು ಕೊಟ್ಟಳು. "ಕಾಲ್ ತೊಳ್ಕ ಕಣಮ್ಮಿ."

ಪುಯಿ ಚೊಂಬು ನೋಡಿದಳು, ಇವಳ ಕಾಲು ನೋಡಿದಳು. ಮುಖ ಅರಳಿತು. ಇವಳ ತೋಳು ಹಿಡಿದು ಜಗುಲಿಯ ಮೇಲೆ ಕೂರಿಸಿ, ಮಂಡಿಯೂರಿ, ಒಡೆದ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಉಜ್ಜಿ ತೊಳೆದಳು. ತನ್ನ ಶಾಲಿನಲ್ಲೇ ಒರೆಸಿ ಕಣ್ಣು ಮುಚ್ಚಿಕೊಂಡಳು.

"ಅಯ್ಯಯ್ಯೋ, ಬುಡಮ್ಮಿ! ಮನೆಗ್ ಬಂದೋಳ್ ಕೈಲಿ ಕಾಲ್ ಮುಟ್ಟಿಸ್ಕಂಡ್ ನಂಗ್ಯಾಕವ್ವ ಪಾಪ!"

"ಆಮೆನ್" ಎಂದಳು ಪುಯಿ. ಬೇರೆ ದಾರಿ ಕಾಣದೆ ಇವಳೂ ಆಮೆನ್ ಎಂದಳು.

ಫೋನಿನಲ್ಲಿ ವಿಷಯ ಕೇಳಿದ ಪಾಸ್ಟರು ಬಿದ್ದು ಬಿದ್ದು ನಕ್ಕರು. "ಕರ್ತನು ಶಿಷ್ಯರ ಕಾಲು ತೊಳ್ದಂಗೆ, ಬಂದೋರು ಮನೆಯೋರ ಕಾಲು ತೊಳೆಯೋದು ಈ ಊರಿನ ಪದ್ಧತಿ ಅಂದ್ಕೊಂಡವ್ಳೆ ಕಣಮ್ಮ. ನಾಳೆ ತಿಳಿಸಿ ಹೇಳ್ತೀನಿ ಬುಡಿ." ಹೇಳಲಿಲ್ಲ, ಮರೆತರು. ಮರುದಿನ ಶುಕ್ರವಾರವೂ ಹೊರಗೆ ಹೋಗಿಬಂದ ಪುಯಿ ಚೊಂಬು ಕೈಗೆ ಸಿಕ್ಕಿದ್ದೇ ಇವಳನ್ನು ಜಗುಲಿಗೆ ಕೂರಿಸಿದಳು.

ಸಣ್ಣತಾಯಮ್ಮನಿಗೆ ತಲೆ ಕೆಟ್ಟುಹೋಯಿತು. ಹೂ ಬಿಡಿಸುವಾಗಲೂ ಅದೇ ಯೋಚನೆ. ಹೆತ್ತ ಮಗಳೂ ಈ ಕಾಲನ್ನು ಹೀಗೆ ಮುಟ್ಟಿದವಳಲ್ಲ. ಎಲ್ಲಿಯ ಹುಡುಗಿ, ಯಾವ ಊರು, ಏನು ತಿಂದು ಬೆಳೆದವಳೋ! ಅವಳ ಪಕ್ಕ ಕೂತರೆ ನನ್ನವಳು ಎನಿಸುತ್ತದೆ. ಒಂದೇ ಮನೆಗೆ ಸೊಸೆಯಾಗಿ ಬಂದ ಸುಂದ್ರಿ ಎದುರಿಗೆ ಬಂದರೆ ಕುತ್ತಿಗೆ ತಾನಾಗಿ ಆಚೆ ತಿರುಗುತ್ತದೆ. ಇದ್ಯಾವ ನ್ಯಾಯ? ಕೇಳಿಕೊಂಡಷ್ಟೂ ಗೋಜಲಾಯಿತು.

ಶನಿವಾರ ಮಧ್ಯಾಹ್ನ ಪುಯಿಗೆ ಊಟ ಸುಂದ್ರಮ್ಮನ ಮನೆಯಲ್ಲಿ ಎಂದು ಪಾಸ್ಟರು ಗೊತ್ತು ಮಾಡಿದ್ದರು. ದೂರದಿಂದಲೇ ಮನೆ ತೋರಿಸಿ ವಾಪಸಾದರಾಯಿತು ಎಂದುಕೊಂಡಿದ್ದಳು ಸಣ್ಣತಾಯಮ್ಮ. ಪುಯಿ ಕೈ ಬಿಡಬೇಕಲ್ಲ! ದರದರನೆ ಎಳೆದುಕೊಂಡೇ ಹೋದಳು. ನಾನು ಬರುವ ಹಾಗಿಲ್ಲ ಎಂದು ಯಾವ ಭಾಷೆಯಲ್ಲಿ ಹೇಳುವುದು?

ಇಬ್ಬರನ್ನೂ ಕಂಡ ಸುಂದ್ರಮ್ಮ ಮುಖ ಗಂಟು ಹಾಕಿಕೊಂಡು ಒಳಗೆ ಹೋಗಿ, ಒಂದೇ ಒಂದು ಚೊಂಬು ತಂದು ಪುಯಿಯ ಮುಂದೆ ಹಿಡಿದಳು. ಸಣ್ಣತಾಯಮ್ಮನ ಕಡೆ ಕಣ್ಣೂ ಹಾಯಿಸಲಿಲ್ಲ. ಪುಯಿ ಚೊಂಬು ತೆಗೆದುಕೊಂಡು, ಹಿರಿಯರು ಮೊದಲು ಎನ್ನುವ ಹಾಗೆ ಅದನ್ನು ಸಣ್ಣತಾಯಮ್ಮನ ಕೈಗಿಟ್ಟು, ಸುಂದ್ರಮ್ಮನ ಕಾಲು ತೋರಿಸಿದಳು.

ಸಣ್ಣತಾಯಮ್ಮ ಕಣ್ಣು ಕಣ್ಣು ಬಿಟ್ಟಳು. ಹಿರಿಯವಳು ಕಿರಿಯವಳ ಕಾಲು ಮುಟ್ಟುವುದುಂಟೇ? ಚೊಂಬು ಕೆಳಗಿಟ್ಟು ನಡೆದುಬಿಡಲೇ? ನಡೆದರೆ ನಾಳೆಯೂ ಕೈ ಸೆರಗಿನೊಳಗೇ, ಸಾಯುವ ತನಕವೂ ಅಲ್ಲೇ. ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಅವಳ ಮಂಡಿ ನೆಲಕ್ಕೆ ತಾಗಿತ್ತು, ಸುಂದ್ರಮ್ಮನ ಪಾದದ ಮೇಲೆ ನೀರು ಬಿದ್ದಿತ್ತು.

"ಅಯ್ಯೋ, ಏನಕ್ಕ ಇದು! ದೊಡ್ಡೋಳು ನೀನು, ಏಳು ಮೇಲಕ್ಕೆ!" ಸುಂದ್ರಮ್ಮ ಗಾಬರಿಯಿಂದ ಕಾಲು ಹಿಂದೆಳೆದುಕೊಂಡಳು. ಮೂರು ವರ್ಷದಲ್ಲಿ ಇವಳ ಕಿವಿಗೆ ಬಿದ್ದ ಮೊದಲ 'ಅಕ್ಕ' ಅದು.

ಸಣ್ಣತಾಯಮ್ಮ ಏಳಲಿಲ್ಲ. "ಕರ್ಯಕ್ ಬಂದಿವ್ನಿ ಕಣ್ ಸುಂದ್ರಿ. ನಾಳೆ ಕರ್ತನ ಭೋಜ್ನಕ್ ಬಾ. ಕುಂಕುಮ ತಂದಿಲ್ಲ, ಎಲೆ ಅಡ್ಕೆ ತಂದಿಲ್ಲ. ನಿನ್ ಬಾಗ್ಲಿಗೇ ಬಂದು ಕರೀತಿವ್ನಿ."

ಸುಂದ್ರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾಕ್ ಮನೆ ದಾಟಕ್ಕೆ ಮೂರ್ ವರ್ಸ ಬೇಕಾಯ್ತಾ ನಿಂಗೆ?" ಎಂದು ರೇಗಿ, ರಟ್ಟೆ ಹಿಡಿದು ಎಬ್ಬಿಸಿದಳು. "ಬಾ ಒಳಿಕ್ಕೆ. ಮುದ್ದೆ ಆರೋಯ್ತದೆ."

"ಆಮೆನ್" ಎಂದಳು ಪುಯಿ.

ಭಾನುವಾರ ರೊಟ್ಟಿ ಬಂದಾಗ ಸಣ್ಣತಾಯಮ್ಮ ಕೈ ಚಾಚಿದಳು. ಪಕ್ಕದಲ್ಲೇ ಸುಂದ್ರಮ್ಮನ ಕೈಯೂ ಇತ್ತು.

ತಂಡ ವ್ಯಾನು ಹತ್ತುವಾಗ ಪಾಸ್ಟರಿಗೆ ತಟ್ಟನೆ ನೆನಪಾಯಿತು. "ಅಯ್ಯೋ, ಚೊಂಬಿನ ವಿಷಯ ಆ ಹುಡುಗಿಗೆ ಹೇಳಲೇ ಇಲ್ವಲ್ಲ! ಈಗ ಹೇಳ್ಬುಡ್ಲಾ?"

ಸಣ್ಣತಾಯಮ್ಮ ಅವರ ತೋಳು ಹಿಡಿದು ನಿಲ್ಲಿಸಿದಳು. "ಬ್ಯಾಡಿ ಕಣ್ ಪಾಸ್ಟ್ರೇ. ಏನಾಯ್ತು ಅಂತ ನಂಗೇ ಇನ್ನೂ ತಿಳೀನಿಲ್ಲ, ಅವ್ಳಿಗೇನಂತ ಏಳೀರಿ?"