ನೀರಿನ ಕಚೇರಿಯ ನೆಲದಲ್ಲಿ ಸಿಕ್ಕ ಸಮುದ್ರ

ಕಲ್ಲಿನ ನೆಲ ಉಜ್ಜಿ ಹೊಳಪು ಕೊಡುವುದು ಅವನ ಕಸುಬು. ಇಪ್ಪತ್ತಾರು ವರ್ಷ ಅದನ್ನೇ ಮಾಡಿ, ಹೆತ್ತವರಿಟ್ಟ ಹೆಸರು ಸವೆದುಹೋಗಿ, ಊರಿಗೆಲ್ಲ ಉಜ್ಜಪ್ಪನಾಗಿದ್ದ. ಮಾತು ಕಮ್ಮಿ. ದಿನವಿಡೀ ಯಂತ್ರದ ಗದ್ದಲದಲ್ಲಿ ಇರುವವನಿಗೆ ಮಾತಿನಿಂದ ಪ್ರಯೋಜನವಿಲ್ಲ ಎಂಬುದು ಬೇಗ ತಿಳಿಯುತ್ತದೆ.

ನೀರು ಸರಬರಾಜು ಕಚೇರಿಗೆ ಹೊಸ ಸುಣ್ಣಕಲ್ಲು ಹಾಸಿದಾಗ ಉಜ್ಜುವ ಕೆಲಸ ಅವನ ಪಾಲಿಗೆ ಬಂತು. ಮೂರನೆಯ ದಿನ, ದೂರು ಬರೆಸುವ ಕಿಟಕಿಯ ಮುಂದೆ ಕೆಸರುನೀರು ಒರೆಸಿದರೆ, ಚಪ್ಪಡಿಯೊಳಗಿಂದ ಒಂದು ಸುರುಳಿ ಎದ್ದು ಬಂತು. ತಟ್ಟೆಯಷ್ಟು ಅಗಲ, ಒಳಗೆ ಸಾಲುಸಾಲು ಪುಟ್ಟ ಕೋಣೆಗಳು.

ಎಂಜಿನಿಯರ್ ಸಾಹೇಬರು ಬಗ್ಗಿ ನೋಡಿದರು. "ಏನಯ್ಯಾ, ಕಲ್ಲು ಹಾಳು ಮಾಡಿದ್ದೀಯಲ್ಲ."

"ನಾನು ಮಾಡಿದ್ದಲ್ಲ ಸಾರ್. ಒಳಗೇ ಇತ್ತು."

"ಒಳಗಿದ್ದದ್ದು ಹೊರಗೆ ಯಾಕೆ ಬಂತು?"

ಉಜ್ಜಪ್ಪ ಬಟ್ಟೆಯಿಂದ ಸುರುಳಿಯನ್ನು ಇನ್ನೊಮ್ಮೆ ಒರೆಸಿದ. ಸಾಹೇಬರು 'ನೆಲದಲ್ಲಿ ಸುರುಳಿಯಾಕಾರದ ದೋಷ' ಎಂದು ಕಡತ ತೆರೆದರು. ಸಿಮೆಂಟು ಮೆತ್ತಲು ಆದೇಶವಾಯಿತು.

ಉಜ್ಜಪ್ಪನಿಗೆ ಮನಸ್ಸು ಬರಲಿಲ್ಲ. ಸಿಮೆಂಟು ಇನ್ನೂ ಬಂದಿಲ್ಲ ಎಂದು ಎರಡು ದಿನ ತಳ್ಳಿದ. ಆ ಕಚೇರಿಯಲ್ಲಿ ಅಂಥ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕನನ್ನು ಕರೆತಂದ. ಅಕ್ಕ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕಸ ಗುಡಿಸುವವಳು. ಗಾಜಿನ ಪೆಟ್ಟಿಗೆಗಳ ಧೂಳು ಒರೆಸುತ್ತ ಪಾಠವನ್ನೆಲ್ಲ ಕಿವಿಯಲ್ಲೇ ಕಲಿತವಳು.

ಅವಳು ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಕಲ್ಲು ಸವರಿದಳು. "ಅಮೋನೈಟ್ ಕಣೋ. ಸಮುದ್ರದ ಜೀವಿ. ಬೆಳೆದ ಹಾಗೆಲ್ಲ ಮುಂದೆ ಹೊಸ ಕೋಣೆ ಕಟ್ಟಿಕೊಂಡು, ಹಿಂದಿನದಕ್ಕೆ ಗೋಡೆ ಹಾಕ್ತಿತ್ತು. ಹಿಂದಿನ ಕೋಣೇಲಿ ಗಾಳಿ ತುಂಬಿಕೊಂಡು ತೇಲ್ತಿತ್ತು."

"ಇಲ್ಲೆಲ್ಲಿತ್ತಕ್ಕಾ ಸಮುದ್ರ?"

"ಈ ಕಲ್ಲೇ ಸಮುದ್ರದ ತಳದ ಕೆಸರು. ಇದನ್ನ ಒಡೆದು ತಂದ ಗುಡ್ಡ ಆಗ ನೀರಡಿ ಇತ್ತು, ಕೋಟಿಗಟ್ಟಲೆ ವರ್ಷದ ಹಿಂದೆ. ನೋಡು, ಚಿಪ್ಪಿನ ಅಂಚು ಒಂಚೂರೂ ಮುಕ್ಕಾಗಿಲ್ಲ. ಅಲೆ ಬಡಿಯೋ ಜಾಗ ಆಗಿದ್ರೆ ಚೂರಾಗ್ತಿತ್ತು. ತಳದಲ್ಲಿ ನೀರು ತಣ್ಣಗೆ ನಿಂತಿತ್ತು."

ಹಿತ್ತಲ ಗಿಡ ಮದ್ದಲ್ಲವಲ್ಲ. "ಗುಡಿಸೋರೂ ಪಾಠ ಹೇಳೋ ಕಾಲ ಬಂತು" ಎಂದರು, ಹಿಂದೆ ನಿಂತು ಕೇಳಿಸಿಕೊಂಡಿದ್ದ ಸಾಹೇಬರು. ಆದರೂ ಮುಂದೆ ತಮ್ಮ ತಲೆಗೆ ಬಂದೀತೆಂದು ಕಾಲೇಜಿಗೆ ಪತ್ರ ಬರೆದರು. ಪ್ರೊಫೆಸರು ಬಂದು ಅಕ್ಕ ಹೇಳಿದ್ದನ್ನೇ ಹೇಳಿದರು. "ನಮ್ಮ ವಿಭಾಗದವರೇ ಇಲ್ಲಿದ್ರಲ್ಲ, ಪತ್ರ ಯಾಕೆ ಬೇಕಿತ್ತು?" ಎಂದು, ಜೊತೆಗೆ ಬಂದಿದ್ದ ಅಕ್ಕನತ್ತ ಕೈ ತೋರಿಸಿದರು.

ಆ ಗಳಿಗೆಯಿಂದ ದೋಷ ಹೆಮ್ಮೆಯಾಯಿತು. ಸುತ್ತ ಸರಪಳಿ ಬಂತು. 'ಎಂಜಿನಿಯರರ ಸೂಕ್ಷ್ಮದೃಷ್ಟಿಗೆ ಗೋಚರಿಸಿದ ಪ್ರಾಚೀನ ಸಮುದ್ರ' ಎಂಬ ಫಲಕ ಬಂತು. ಸರಪಳಿ ದಾಟಿ ದೂರಿನ ಕಿಟಕಿ ಮುಟ್ಟಲು ದಾರಿಯೇ ಉಳಿಯಲಿಲ್ಲ, ದೂರುಗಳು ನಿಂತವು. ವರ್ಷದ ಕೊನೆಗೆ 'ದೂರುರಹಿತ ಕಚೇರಿ' ಪ್ರಶಸ್ತಿಯೂ ಸಾಹೇಬರ ಮೇಜಿಗೆ ಬಂತು.

ಖಾಲಿ ಕೊಡ ಹಿಡಿದು ಬಂದಿದ್ದ ಮುದುಕಿಯೊಬ್ಬಳು ಫಲಕ ಓದಿಸಿಕೊಂಡು ಕೇಳಿ, "ಸಮುದ್ರದ ನೆಂಟಸ್ತನ, ಕೊಡ ನೀರಿಗೆ ಬಡತನ" ಎಂದು ಹೊರಟುಹೋದಳು.

ಉಜ್ಜಪ್ಪ ಆಗಲೇ ಆಸ್ಪತ್ರೆಯ ಮೊಗಸಾಲೆ ಉಜ್ಜುತ್ತಿದ್ದ. ನಾಲ್ಕು ಚಪ್ಪಡಿಗೊಮ್ಮೆ ಯಂತ್ರ ನಿಲ್ಲಿಸಿ ಒರೆಸಿ ನೋಡುವ ಚಟ ಹತ್ತಿತ್ತು, ಕಂಟ್ರಾಕ್ಟರನಿಂದ ಬೈಸಿಕೊಂಡ. ಒಂದು ಮಧ್ಯಾಹ್ನ ಬೆರಳುದ್ದದ ಮೊನಚು ಚಿಪ್ಪೊಂದು ಕಾಣಿಸಿತು. ಯಾರಿಗೂ ಹೇಳದೆ ಅಕ್ಕನಿಗೆ ಫೋನು ಮಾಡಿದ.

"ಯಾರಿಗೂ ತೋರಿಸಬೇಡ, ಇದಕ್ಕೂ ಸರಪಳಿ ಹಾಕಿಬಿಡ್ತಾರೆ," ಎಂದಳು ಅಕ್ಕ. "ನಾಳೆ ನಾನು ಬರ್ತೀನಿ, ಅಷ್ಟರಲ್ಲಿ ಚಿಪ್ಪು ಹೊಳೆಯೋ ಹಾಗೆ ಉಜ್ಜಿಡು."

ಅವನು ಉಜ್ಜಿದ. ರೋಗಿಗಳು ಈಗ ಅದರ ಮೇಲೆ ಓಡಾಡುತ್ತಾರೆ.