ಗುದ್ದಕ್ಕನ ಇಪ್ಪತ್ನಾಲ್ಕು ಸ್ಕೋನು

ಅವಳ ಕೈಗೆ ಸುಮ್ಮನಿರುವ ಅಭ್ಯಾಸವಿಲ್ಲ. ಬಸ್ಸಿಗೆ ಕಾಯುವಾಗ ತನ್ನ ತೊಡೆಯನ್ನೇ ಗುದ್ದುತ್ತಾಳೆ, ನಿದ್ದೆಯಲ್ಲಿ ದಿಂಬನ್ನು. ಹತ್ತೊಂಬತ್ತು ವರ್ಷ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದಿದ ಕೈ ಅದು. ಯಂತ್ರ ಕಲಸಿ ಉಗುಳಿದ ಹಿಟ್ಟನ್ನು ಉಂಡೆ ಮಾಡಿ, ಒಂದೊಂದು ಉಂಡೆಗೂ ನಲವತ್ತು ಗುದ್ದು. ಮೂವತ್ತೊಂಬತ್ತಾದರೂ ಮೇಸ್ತ್ರಿ ಬಯ್ಯುತ್ತಿದ್ದ, ನಲವತ್ತೊಂದಾದರೂ ಬಯ್ಯುತ್ತಿದ್ದ. ಹಾಗಾಗಿ ಅವಳು ಎಲ್ಲರ ಬಾಯಲ್ಲೂ ಗುದ್ದಕ್ಕ. ಸ್ವಂತ ಅತ್ತೆ ಕೂಡ ಹಾಗೇ ಕರೆಯುತ್ತಾಳೆ.

ನಾದುವ ಕೋಣೆಯಲ್ಲಿದ್ದವರು ಇಪ್ಪತ್ತೆಂಟು ಹೆಂಗಸರು. ಕಕ್ಕಸಿಗೆ ಹೋಗಬೇಕೆಂದರೆ ಮೇಸ್ತ್ರಿಯ ಮೇಜಿನಿಂದ ಹಿತ್ತಾಳೆ ಬಿಲ್ಲೆ ಪಡೆಯಬೇಕು. ಬಿಲ್ಲೆ ಇದ್ದದ್ದು ಎರಡೇ. ಇಬ್ಬರು ಬಿಲ್ಲೆ ಹಿಡಿದು ಹೋದರೆ ಉಳಿದವರು ತೊಡೆ ಬಿಗಿಹಿಡಿದು ಗುದ್ದಬೇಕು. ಪಾಳಿ ಮುಗಿಯುವ ತನಕ ನೀರು ಕುಡಿಯದೇ ಇರುವುದನ್ನು ಎಲ್ಲರೂ ಕಲಿತಿದ್ದರು, ಅದರ ಜೊತೆಗೆ ಬರುವ ಕಾಯಿಲೆಗಳನ್ನೂ. ಕೊನೆಗೆ ಬಿಲ್ಲೆಯ ನಿಯಮ ತೆಗೆಯಿರಿ ಎಂದು ಗೇಟಿನ ಹೊರಗೆ ಕೂತರು. ಐದು ವಾರ ಕೂತರು. ಆರನೇ ವಾರ ಒಬ್ಬೊಬ್ಬರೇ ಎದ್ದು ಒಳಗೆ ಹೋದರು. ಹೋದವರನ್ನು ಬಯ್ಯುವ ಬಾಯಿ ನನಗಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಒಳಗೆ ಹೋಗಬೇಕಾದರೆ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು: ತಪ್ಪು ನನ್ನದೇ, ಕ್ಷಮಿಸಿ, ಇನ್ನು ಮುಂದೆ ಕಾರ್ಖಾನೆಯ ಎಲ್ಲ ನಿಯಮಕ್ಕೂ ಬದ್ಧಳು. ಎಲ್ಲ ನಿಯಮ ಅಂದರೆ ಬಿಲ್ಲೆಯೂ ಸೇರಿ. ಕಡೆಯ ದಿನ ಶುಕ್ರವಾರ, ಸಂಜೆ ಐದರ ಸೈರನ್ ಕೂಗುವುದರೊಳಗೆ.

ಗುದ್ದಕ್ಕ ಸಹಿ ಹಾಕಿರಲಿಲ್ಲ. ಗಂಡ ದೂರದೂರಿಗೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬಂದು ಉಂಡು ಮಲಗಿ ಎದ್ದು ಹೋಗುವವನು. ಅವನೊಬ್ಬನ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ. ಅವಳಿಗೆ ಉಳಿದದ್ದು ಬಸ್ ನಿಲ್ದಾಣದ ಎದುರಿನ ಚಾ ಅಂಗಡಿಯಾಕೆಯ ಒಂದು ಮಾತು.

"ಎಲೆ ಉದುರೋ ಕಾಲ ಬಂತು. ಚಳಿಗೆ ಜನ ಚಾ ಜೊತೆ ಸ್ಕೋನು ಕೇಳ್ತಾರೆ, ಅದೇ ಆ ಬಾಯಲ್ಲಿ ಪುಡಿಯಾಗೋ ಗುಂಡು ಬನ್ನು. ತಂದು ಕೊಡ್ತಿದ್ದವಳು ಊರೇ ಬಿಟ್ಟಳು. ಶುಕ್ರವಾರ ನಾಲ್ಕೂವರೆಗೆ ಇಪ್ಪತ್ನಾಲ್ಕು ತಾ, ನೋಡ್ತೀನಿ. ಒಣಹಣ್ಣು, ಬೀಜ ಕೈತುಂಬ ಹಾಕು. ಒಂದು ನೆನಪಿಟ್ಕೋ, ಹಿಟ್ಟನ್ನ ಸೇರಿಸಬೇಕು ಅಷ್ಟೇ. ನಾದಬೇಡ."

"ಅಷ್ಟೇನಾ?" ಅಂದಿದ್ದಳು ಗುದ್ದಕ್ಕ.

ಶುಕ್ರವಾರ ಬೆಳಿಗ್ಗೆಯೇ ಅಡುಗೆಮನೆಯಲ್ಲಿ ಯುದ್ಧ ಶುರುವಾಯಿತು. ಓವನ್ ಹಳೆಯದು, ಬಾಗಿಲು ನಿಲ್ಲುವುದಿಲ್ಲ. ಅದಕ್ಕೆ ಕುರ್ಚಿ ಒತ್ತಿಟ್ಟು, ಕುರ್ಚಿಯ ಮೇಲೆ ಅತ್ತೆಯನ್ನು ಕೂರಿಸಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ. ಅತ್ತೆ ಲಾಂಡ್ರಿಯಲ್ಲಿ ಬಟ್ಟೆ ಹಿಂಡಿ ಹಿಂಡಿ ಬೆರಳು ಸೊಟ್ಟಗಾದವಳು. ಬೆನ್ನಿಗೆ ಓವನ್ನಿನ ಶಾಖ ಹಿತವಾಗಿ ತಾಗಿಸಿಕೊಂಡು, ಮಡಿಲಲ್ಲಿ ತಟ್ಟೆ ಇಟ್ಟು, ಕತ್ತರಿಯಿಂದ ಅಂಜೂರ, ಖರ್ಜೂರ ತುಂಡು ಮಾಡುತ್ತಿದ್ದಳು. ನಾಲ್ಕು ತುಂಡು ತಟ್ಟೆಗೆ, ಒಂದು ಬಾಯಿಗೆ.

ಗುದ್ದಕ್ಕ ಮೈದಾ ಹಿಟ್ಟಿಗೆ ಬೇಕಿಂಗ್ ಪೌಡರ್, ಸಕ್ಕರೆ, ಚಿಟಿಕೆ ಉಪ್ಪು, ಚಕ್ಕೆ ಪುಡಿ ಬೆರೆಸಿದಳು. ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ರವೆಯಂತೆ ಮಾಡಿದಳು. ಅಲ್ಲಿಯವರೆಗೆ ಎಲ್ಲ ಸರಿ. ಹಣ್ಣು, ಅಕ್ರೋಟು ಹಾಕಿ ಮಜ್ಜಿಗೆ ಸುರಿದು ಹಿಟ್ಟು ಕೈಗೆ ಸಿಕ್ಕಿದ್ದೇ ತಡ, ಮೇಜು ದಡದಡ ಅನ್ನತೊಡಗಿತು.

"ಏ ಗುದ್ದಕ್ಕ! ನಾದಬೇಡ ಅಂದಿದ್ದಾಳಂತೆ ಅವಳು!"

"ನಾದ್ತಾ ಇಲ್ಲ ಅತ್ತೆ."

"ಮತ್ತೆ ಇದೇನು, ಕಾಲು ಒತ್ತುತ್ತಾ ಇದ್ದೀಯಾ?"

ಕೈ ನೋಡಿಕೊಂಡಳು. ಮೂವತ್ತಾರನೇ ಗುದ್ದಿನಲ್ಲಿತ್ತು. ಉಳಿದ ನಾಲ್ಕನ್ನೂ ಹಾಕಿಯೇ ಬಿಟ್ಟಿತು.

ಹನ್ನೆರಡು ಗಂಟೆಗೆ ಹೊರಬಂದ ಸ್ಕೋನುಗಳು ಬೆಳ್ಳಗೆ, ಬಿಗಿಯಾಗಿ, ಮುಖ ಗಂಟು ಹಾಕಿಕೊಂಡು ಕೂತಿದ್ದವು. ಆ ಹೊತ್ತಿಗೇ ಸರಿಯಾಗಿ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಕಾಗದ.

"ನೀನಿಲ್ದೆ ಕೋಣೆ ಕುಂಟ್ತಾ ಇದೆ ಕಣಮ್ಮ. ಒಂದು ಸಹಿ. ಸೋಮವಾರದಿಂದ ನಿನ್ನ ಜಾಗ ನಿಂದು."

"ಬಿಲ್ಲೆ?"

"ಅದು ಇದ್ದೇ ಇರುತ್ತೆ. ಮೇಲಿನವರ ಆರ್ಡರ್. ನಾನೇನು ಮಾಡ್ಲಿ?" ಅವನ ಕಣ್ಣು ಟ್ರೇ ಮೇಲೆ ಬಿತ್ತು. ಕೇಳದೆ ಒಂದು ಎತ್ತಿ ಕಚ್ಚಿದ.

"ಮೆಲ್ಲಗೆ ಮೇಸ್ತ್ರಿ," ಅಂದಳು ಅತ್ತೆ. "ಹಲ್ಲು ಹೋದರೆ ಅದಕ್ಕೂ ಇವಳ ಹತ್ರ ಕ್ಷಮೆ ಬರೆಸ್ಕೋತೀರಿ."

ಅವನು ದವಡೆ ಒತ್ತಿಕೊಂಡು ನಕ್ಕ. "ಇದನ್ನ ನಂಬಿ ಕೆಲಸ ಬಿಡ್ತೀಯಾ? ಯೋಚನೆ ಮಾಡು. ಐದರವರೆಗೆ ಗೇಟಲ್ಲೇ ಇರ್ತೀನಿ."

ಕಾಗದ ಮೇಜಿನ ಮೇಲಿಟ್ಟು ಹೋದ. ಗುದ್ದಕ್ಕ ಅದನ್ನು ಹರಿಯಲಿಲ್ಲ. ಹರಿಯುವುದು ಭಾಷಣ ಮಾಡುವವರಿಗೆ ಸುಲಭ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಾ ಅಂಗಡಿಯಿಂದ ಕಾರ್ಖಾನೆ ಗೇಟು ಹತ್ತೇ ನಿಮಿಷದ ನಡಿಗೆ. ಸ್ಕೋನು ಕೈಕೊಟ್ಟರೆ ಓಡಿ ಸಹಿ ಹಾಕಬಹುದು. ಈ ಲೆಕ್ಕ ತಲೆಯೊಳಗೆ ಕುಣಿಯತೊಡಗಿದ್ದೇ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಗೆ ಹೋದಳು, ಬಂದಳು, ಗಡಿಯಾರ ನೋಡಿದಳು, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದಳು.

"ಬೆಳಿಗ್ಗೆಯಿಂದ ಒಂದು ಸಲಾನೂ ಹೋಗಿಲ್ಲ ನೀನು," ಅಂದಳು ಅತ್ತೆ. "ನೀರೂ ಮುಟ್ಟಿಲ್ಲ. ಸ್ವಂತ ಮನೇಲೂ ಬಿಲ್ಲೆ ಬೇಕೇನೇ ನಿನಗೆ?"

"ಕೆಲಸ ಮುಗೀಲಿ ಅತ್ತೆ."

ಬೆಣ್ಣೆ ಇನ್ನೊಂದೇ ಸಲಕ್ಕೆ ಆಗುವಷ್ಟಿತ್ತು. ಈ ಸಲವೂ ಬೆಣ್ಣೆ ಉಜ್ಜುವವರೆಗೆ ಕೈ ಹೇಳಿದ ಮಾತು ಕೇಳಿತು. ಮಜ್ಜಿಗೆ ಬಿದ್ದದ್ದೇ ಮುಷ್ಟಿ ಮೇಲೆದ್ದಿತು. ಒಂದು, ಎರಡು, ಮೂರು. ಅತ್ತೆ ಕುರ್ಚಿಯಿಂದ ಎದ್ದಳು. ಹಿಂದೆ ಓವನ್ನಿನ ಬಾಗಿಲು ದಬ್ಬನೆ ಬಿತ್ತು.

"ಕೊಡಿಲ್ಲಿ ಬಟ್ಟಲು."

"ನಿಮ್ಮ ಬೆರಳು ಪೂರ್ತಿ ಮಡಚೋದೇ ಇಲ್ಲವಲ್ಲ ಅತ್ತೆ, ಮುಷ್ಟಿ ಹಿಡಿಯೋಕಾಗಲ್ಲ ನಿಮಗೆ."

"ಅದಕ್ಕೇ ಕೊಡು ಅಂದದ್ದು. ನೀನು ಇಲ್ಲಿ ಕೂತ್ಕೋ. ಬಾಗಿಲು ನೋಡ್ಕೋ. ಕೈ ಕುಂಡೆ ಕೆಳಗೆ ಇಟ್ಕೋ."

ಗುದ್ದಕ್ಕ ಕುರ್ಚಿಯಲ್ಲಿ ಎರಡೂ ಕೈಗಳ ಮೇಲೆ ಕೂತಳು. ಅತ್ತೆ ಸೊಟ್ಟ ಬೆರಳುಗಳಿಂದ ಹಿಟ್ಟನ್ನು ಕೋಳಿ ಕೆದಕಿದ ಹಾಗೆ ಮೇಲೆ ಮೇಲೆ ಕೆದಕಿ, ಒಟ್ಟು ಮಾಡಿ, ಬಿಟ್ಟಳು. ಅಲ್ಲಲ್ಲಿ ಒಣಹಿಟ್ಟು ಕಾಣುತ್ತಿತ್ತು.

"ಇನ್ನೂ ಸೇರಿಲ್ಲ ಅತ್ತೆ! ಇನ್ನೊಂದು ನಾಲ್ಕು ಗುದ್ದು..."

"ಬಾಯೂ ಮುಚ್ಕೋ."

ತಟ್ಟಿ, ಸ್ಟೀಲ್ ಲೋಟದಿಂದ ಬಿಲ್ಲೆ ಬಿಲ್ಲೆಯಾಗಿ ಒತ್ತಿ, ಎರಡು ಸುತ್ತಿನಲ್ಲಿ ಬೇಯಿಸಿದರು. ಈ ಸಲ ಅವು ಉಬ್ಬಿ, ಪಕ್ಕಕ್ಕೆ ವಾಲಿ, ಮೈಯೆಲ್ಲ ಬಿರುಕು ಬಿಟ್ಟುಕೊಂಡು, ಹೊಂಬಣ್ಣಕ್ಕೆ ತಿರುಗಿದ್ದವು. ಒಂದನ್ನು ಮುರಿದು ನೋಡಲೂ ಇಲ್ಲ. ಮುರಿದರೆ ಇಪ್ಪತ್ಮೂರಾಗುತ್ತಿತ್ತು. ಬಟ್ಟೆ ಸುತ್ತಿದ ಡಬ್ಬಿ ಎದೆಗವಚಿಕೊಂಡು, ಉದುರಿದ ಎಲೆಗಳನ್ನು ತುಳಿಯುತ್ತ ಗುದ್ದಕ್ಕ ಅರ್ಧ ನಡೆದಳು, ಅರ್ಧ ಓಡಿದಳು.

ಚಾ ಅಂಗಡಿಯಾಕೆ ಒಂದನ್ನು ಮುರಿದು ಮೂಗಿಗೆ ಹಿಡಿದಳು. ಅಗಿದಳು. "ಆಕಾರ ನೋಡಿದ್ರೆ ಒಂದೊಂದೂ ಒಂದೊಂದು ಊರಿಂದ ಬಂದ ಹಾಗಿದೆ. ಗಿರಾಕಿ ಏನಂತಾನೋ ನೋಡೋಣ."

ನಾಲ್ಕು ಮೂವತ್ತೈದು. ಒಬ್ಬ ಬಸ್ ಡ್ರೈವರ್ ಚಾ ಜೊತೆ ಒಂದು ತಿಂದ, ಅಂಗಿಯ ಮೇಲಿನ ಪುಡಿ ಕೊಡವಿಕೊಂಡು ಬಸ್ಸು ಹತ್ತಿದ. ಗುದ್ದಕ್ಕನ ಮುಷ್ಟಿ ಸೆರಗಿನೊಳಗೆ ತೊಡೆ ಗುದ್ದುತ್ತಿತ್ತು. ನಾಲ್ಕು ನಲವತ್ತೈದು. ಹೊರಡಬೇಕಾದರೆ ಈಗ ಹೊರಡಬೇಕು. ಆ ಡ್ರೈವರ್ ಬಸ್ಸಿನಿಂದ ಇಳಿದು ವಾಪಸು ಬಂದ.

"ಎರಡು ಕಟ್ಟಿಕೊಡಿ ಅಕ್ಕ. ದಾರಿಗೆ."

ಚಾ ಅಂಗಡಿಯಾಕೆ ಕಟ್ಟಿಕೊಡುತ್ತ, ತಿರುಗದೆಯೇ ಹೇಳಿದಳು: "ನಾಳೆ ಮೂವತ್ತು ತಾ. ನಾಳಿದ್ದಿನ ಮಾತು ನಾಳೆ."

ಇಡೀ ಚಳಿಗಾಲ ಅಂತ ಹೇಳಲಿಲ್ಲ. ನಾಳೆ, ಅಷ್ಟೇ. ಗುದ್ದಕ್ಕನ ಕೈ ಸೊಂಟದ ಕಾಗದವನ್ನು ಮುಟ್ಟಿತು. ರಸ್ತೆಯ ತುದಿಯಲ್ಲಿ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಗಡಿಯಾರ ಐದಕ್ಕೆ ಹನ್ನೆರಡು ನಿಮಿಷ ಎನ್ನುತ್ತಿತ್ತು. ಅವಳು ಒಂದು ಹೆಜ್ಜೆ ಆ ಕಡೆ ಇಟ್ಟಳು, ಒಂದು ಹೆಜ್ಜೆ ಈ ಕಡೆ ಇಟ್ಟಳು, ತೊಡೆ ಬಿಗಿಹಿಡಿದು ನಿಂತಳು.

"ಅಕ್ಕಾ, ಇಲ್ಲಿ ಕಕ್ಕಸು ಎಲ್ಲಿದೆ?"

"ಹಿಂದುಗಡೆ. ನೀರು ಡ್ರಮ್ಮಲ್ಲಿದೆ."

"ಹೋಗ್ಲಾ?"

"ಅದನ್ನೂ ಕೇಳ್ತಾರೇನೇ? ಹೋಗು ಮಾರಾಯ್ತಿ!"

ತಗಡಿನ ಬಾಗಿಲು, ಒಳಗಡೆ ಚಿಲಕ. ಹೋಗಿ ಕೂತವಳು ಎದ್ದುಬರುವ ಅವಸರ ಮಾಡಲಿಲ್ಲ. ಐದರ ಸೈರನ್ ಉದ್ದಕ್ಕೆ ಕೂಗಿ ನಿಂತಾಗ ಅವಳಿನ್ನೂ ಒಳಗೇ ಇದ್ದಳು. ಹೊರಬಂದು ಕೈ ತೊಳೆದು, ನಿಂತಲ್ಲೇ ಎರಡು ಲೋಟ ನೀರು ಗಟಗಟ ಕುಡಿದಳು. ಕಾಗದ ಇನ್ನೂ ಸೊಂಟದಲ್ಲೇ ಇತ್ತು. ಬೆಣ್ಣೆ ಅಂಗಡಿ ಆರಕ್ಕೆ ಮುಚ್ಚುತ್ತದೆ. ಖಾಲಿ ಡಬ್ಬಿ ಎತ್ತಿಕೊಂಡು ಬಿರಬಿರನೆ ಆ ಕಡೆ ಹೊರಟಳು.