ಕಾಲು ಕಾಣುವ ಪುಸ್ತಕ

ಮೊನ್ನೆ ಬಿಸಿಲು ಬಿದ್ದಿತೆಂದು ಕೌದಿಗಳನ್ನೆಲ್ಲ ಮಾಳಿಗೆಯ ಮೇಲೆ ಹರವಿದ್ದೆ. ಮಳೆಗಾಲ ಪೂರ್ತಿ ಟ್ರಂಕಿನಲ್ಲಿ ಮಡಚಿಕೊಂಡು ಕೂತಿದ್ದ ಕೌದಿಗಳು. ಒಂದನ್ನು ಝಾಡಿಸಿ ಹಗ್ಗಕ್ಕೆ ಹಾಕುವಾಗ ಒಣಗಿದ ಬೇವಿನೆಲೆ, ಹಳೆಯ ನೂಲು, ಒಂದಿಷ್ಟು ಬೆವರು ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ಬೇರೆಯವರಿಗೆ ನಿದ್ದೆ ನೆನಪಾಗಬಹುದು. ನನಗೆ ನೆನಪಾಗುವುದು ನವಲಗುಂದದ ಹೈಸ್ಕೂಲಿನ ಹಿಂದಿನ ಖೋಲಿ, ಗೋಡೆಗೆ ಸರಿಸಿಟ್ಟ ಬೆಂಚುಗಳು, ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ನಮ್ಮ ಅಕ್ಕೋರು…

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಇವರು ಡ್ರಿಲ್ಲಿನ ಅಕ್ಕೋರು. ಹೊಲಿಗೆ ಕಲಿಸುವುದೂ ಅವರ ಪಾಲಿಗೇ ಬಂದಿತ್ತು. ಗಿಡ್ಡ ಆಳು. ಸೀರೆಯ ಕೆಳಗೆ ಬಿಳಿಯ ಕ್ಯಾನ್ವಾಸ್ ಬೂಟು. ಅದನ್ನು ಬೋರ್ಡಿನ ಖಡು ತಿಕ್ಕಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಸೀಟಿ ಕೊರಳಲ್ಲಿ ಇರುತ್ತಿತ್ತಾದರೂ ಊದಿದ್ದು ಕಡಿಮೆ. ಅವರ ದನಿಯೇ ಸಾಕಾಗುತ್ತಿತ್ತು.

ನಾನು ತಿರ್ಲಾಪುರದಿಂದ ಬಸ್ಸಿನಲ್ಲಿ ಸಾಲಿಗೆ ಹೋಗುತ್ತಿದ್ದೆ. ಒಂಬತ್ತನೇ ಇಯತ್ತೆ. ಮುಂಜಾನೆಯ ಬಸ್ಸೆಂದರೆ ಹಾಲಿನ ಕ್ಯಾನು, ಹತ್ತಿಯ ಚೀಲ, ಕಚೇರಿಗೆ ಹೋಗುವವರು, ಎಲ್ಲರೂ ಒಂದೇ ಬಾಗಿಲಿಗೆ. ಒಂದು ದಿನ ಇಳಿಯುವಾಗ ಒಬ್ಬ ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಡಿಸಿಕೊಳ್ಳಲು ಜಗ್ಗಿದೆ, ಅವನು ಇನ್ನೂ ಬಿಗಿ ಹಿಡಿದು ನಕ್ಕ. ಬಳೆ ಒಡೆದು ಚುಚ್ಚಿ ರಕ್ತ ಬಂತು. ಕಂಡಕ್ಟರು ಬೈದ ಮೇಲೆ ಬಿಟ್ಟ. ಸಂಜೆ ಮನೆಗೆ ಬಂದಾಗ ಅಪ್ಪ ಕೈ ನೋಡಿದರು. ಏನಾಯಿತೆಂದು ಕೇಳಿದರು, ಹೇಳಿದೆ. ಅವರು ಸಿಟ್ಟಿನ ಮನುಷ್ಯರಲ್ಲ. ಸುಮ್ಮನೆ ಒಂದೇ ಮಾತು ಹೇಳಿದರು.

“ಸಾಕು ಸಾಲಿ.”

ನಾನು ಸಾಲಿಗೆ ಹೋಗದ್ದು ನೋಡಿ ಅಕ್ಕೋರು ರವಿವಾರ ನಮ್ಮ ಊರಿಗೇ ಬಂದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಅಪ್ಪನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

“ದಿನಾ ನೀವು ಆಕಿ ಜೋಡಿ ಬಸ್ಸಿನಾಗ ಬರಾಂಗಿಲ್ಲರಿ ಅಕ್ಕೋರ. ನಾನೂ ಹೊಲ ಬಿಟ್ಟು ಬರಾಂಗಿಲ್ಲ.”

“ಯಾರೂ ಬರೂದು ಬ್ಯಾಡ್ರಿ. ಬಿಡಿಸ್ಕೊಳ್ಳೂದನ್ನ ಆಕೀನ ಕಲೀಲಿ. ನಾ ಕಲಸ್ತೀನಿ.”

ಅಕ್ಕೋರು ಹಿಂದೊಮ್ಮೆ ತರಬೇತಿಗೆಂದು ಪುಣೆಗೆ ಹೋಗಿದ್ದಾಗ ಅಲ್ಲಿ ಒಬ್ಬ ಹೆಂಗಸಿನ ಕೈಕೆಳಗೆ ಸ್ವಲ್ಪ ದಿನ ಐಕಿಡೊ ಕಲಿತಿದ್ದರು. ಜಪಾನಿನ ವಿದ್ಯೆ. ಹೊಡೆಯುವ ವಿದ್ಯೆಯಲ್ಲ, ಹಿಡಿದವನ ಬಲವನ್ನು ಅದು ಹೊರಟ ಕಡೆಗೇ ಹೋಗಗೊಟ್ಟು ನಾವು ಅಲ್ಲಿಂದ ಸರಿದುಕೊಳ್ಳುವ ವಿದ್ಯೆ. ಇದನ್ನೆಲ್ಲ ಅವರು ಅಪ್ಪನಿಗೆ ತಿಳಿಸಿ ಹೇಳಿದರು. ಅಪ್ಪ ಗಡ್ಡ ಕೆರೆದುಕೊಂಡು ಒಂದು ಕರಾರು ಹಾಕಿದರು. ಬನ್ನಿ ಹಬ್ಬದ ತನಕ ಸಾಲಿಗೆ ಹೋಗಲಿ. ಹಬ್ಬದ ದಿನ ತಾವೇ ಕೈ ಹಿಡಿಯುತ್ತಾರೆ. ಬಿಡಿಸಿಕೊಂಡರೆ ಸಾಲಿ, ಇಲ್ಲದಿದ್ದರೆ ಮನೆ.

ಅಪ್ಪನ ಕೈ ಎಂಥದೆಂದರೆ, ಬೆದರಿದ ಹೋರಿಯ ಹಗ್ಗವನ್ನು ಹಿಡಿದು ನಿಲ್ಲಿಸಿದ ಕೈ.

ಮರುವಾರದಿಂದಲೇ ಕಲಿಕೆ ಸುರುವಾಯಿತು. ಬಸ್ಸಿನಲ್ಲಿ ಬರುವ ಬೇರೆ ಹುಡುಗಿಯರೂ ಸೇರಿಕೊಂಡರು. ಬೀಳುವುದಕ್ಕೆ ಮೆತ್ತಗಿನ ಹಾಸು ಬೇಕಲ್ಲ, ಒಬ್ಬೊಬ್ಬರು ಮನೆಯಿಂದ ಒಂದೊಂದು ಕೌದಿ ತಂದೆವು. ಫರಸಿ ಕಲ್ಲಿನ ಮೇಲೆ ಕೌದಿ ಜಾರುತ್ತಿದ್ದವು. ಅಕ್ಕೋರು ದಬ್ಬಣ ಹಿಡಿದು ಕೂತು ಎಲ್ಲ ಕೌದಿಗಳ ಅಂಚು ಸೇರಿಸಿ ಹೊಲಿದುಬಿಟ್ಟರು. ಯಾರ ಮನೆಯ ಕೌದಿ ಯಾವುದೆಂದು ಗೊತ್ತಾಗದಷ್ಟು ದೊಡ್ಡ ಹಾಸು. ಚಳಿಗಾಲ ಬಂದಾಗ ನಮ್ಮವ್ವಂದಿರೆಲ್ಲ ಅಕ್ಕೋರನ್ನು ಬೈದುಕೊಂಡೇ ಮಲಗಿದರು.

ಪುಣೆಯಲ್ಲಿ ಕಲಿತದ್ದು ಅಕ್ಕೋರಿಗೆ ಅರ್ಧಂಬರ್ಧ ಮರೆತಿತ್ತು. ಅದಕ್ಕೇ ಹುಬ್ಬಳ್ಳಿಗೆ ಹೋಗಿ ಒಂದು ಪುಸ್ತಕ ತಂದಿದ್ದರು. ಇಂಗ್ಲಿಷಿನದು. ದಪ್ಪ ರಟ್ಟು, ನುಣುಪು ಹಾಳೆ, ಪುಟಪುಟಕ್ಕೂ ಬಣ್ಣದ ಫೋಟೋ. ಕಪ್ಪನೆಯ ಅಗಲ ಉಡುಪು ತೊಟ್ಟವರು ಗಾಳಿಯಲ್ಲಿ ಹಾರಿ ಬೀಳುತ್ತಿದ್ದರು. ನಾವು ಬಾಯಿ ತೆರೆದುಕೊಂಡು ನೋಡಿದೆವು. ಅಕ್ಕೋರು ಫೋಟೋ ನೋಡಿ ಕೈ ಹೀಗೆ ಅನ್ನುವರು, ನಾವು ಹಾಗೇ ಹಿಡಿಯುವೆವು. ಆದರೆ ಬಿಡಿಸಿಕೊಳ್ಳಲು ಬರಲಿಲ್ಲ. ಅಕ್ಕೋರದೊಂದು ನಿಯಮವಿತ್ತು: ಹಿಡಿಯುವವರು ನಿಜವಾಗಿಯೇ ಹಿಡಿಯಬೇಕು. “ಸುಳ್ಳ ಹಿಡೀಬ್ಯಾಡ್ರಿ. ಬಸ್ಸಿನಾಗಿನವಾ ಸುಳ್ಳ ಹಿಡಿತಾನೇನು?” ಅವರು ನಿಜವಾಗಿ ಹಿಡಿದರೆ ನಾನು ಕೈ ಜಗ್ಗುತ್ತಿದ್ದೆ, ಬಸ್ಸಿನಲ್ಲಿ ಜಗ್ಗಿದಂತೆಯೇ. ಮಣಿಕಟ್ಟು ಕೆಂಪಾಗುತ್ತಿತ್ತು, ಅಷ್ಟೇ. ದಿನ ಹೋಗುತ್ತಿದ್ದವು. ಗಣಪತಿ ಕೂತು ಎದ್ದೂ ಹೋದ.

ಒಂದು ರವಿವಾರ ಅಕ್ಕೋರು ಪುಸ್ತಕ ಹಿಡಿದುಕೊಂಡು ಮತ್ತೆ ನಮ್ಮ ಮನೆಗೆ ಬಂದರು. ಮನೆಯಲ್ಲಿ ಅಪ್ಪನ ತಾಯಿ ಇದ್ದರು. ಆಯಿ ಅನ್ನುತ್ತಿದ್ದೆವು. ಶೇಂಗಾ ಸುಲಿಯುತ್ತ ಕೂತಿದ್ದ ಆಯಿ ಪುಸ್ತಕದ ಕಡೆ ಕೊರಳು ಚಾಚಿದರು.

“ಇವರೇನು ಗಂಡಸರೋ, ಹೆಂಗಸರೋ?”

“ಗಂಡಸರು, ಆಯಿ.”

“ಅಯ್ಯ ಶಿವನ! ಪರಕಾರ ಉಟ್ಟಾರಲ್ಲಬೇ! ಗಡ್ಡ ಬಿಟ್ಟು ಪರಕಾರ ಉಟ್ಟಾರು!”

ಗಂಡಸರಿಗೆ ಲಂಗ ಉಡಿಸಿದ ಆಯಿಯ ಮಾತಿಗೆ ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿದರು. ಪುಸ್ತಕವನ್ನು ಬೆಳಕಿಗೆ ಹಿಡಿದರು. ಒಂದು ಪುಟ, ಮತ್ತೊಂದು ಪುಟ, ಹಿಂದಿನ ಪುಟ…

“ಇವರ ಕಾಲ ಎಲ್ಲಿ ಅದಾವ ಬೇ?” ಎಂದು ನನ್ನನ್ನು ಕೇಳಿದರು.

“ಪರಕಾರದಾಗ!” ಅಂದರು ಆಯಿ.

ಸರಿಯೇ ಇತ್ತು. ಆ ಅಗಲ ಉಡುಪಿನ ನೆರಿಗೆಯಲ್ಲಿ ಕಾಲು ಮುಚ್ಚಿಹೋಗಿದ್ದವು. ಯಾವ ಹೆಜ್ಜೆ ಮುಂದೆ, ಯಾವುದು ಹಿಂದೆ, ಮೈ ಎತ್ತ ತಿರುಗಿತು, ಒಂದೂ ಕಾಣುತ್ತಿರಲಿಲ್ಲ. ಕೈ ಮಾತ್ರ ಕಾಣುತ್ತಿತ್ತು, ನಾವು ಕೈಯನ್ನಷ್ಟೇ ಕಲಿತಿದ್ದೆವು. “ಚಿತ್ರ ಚಂದ ಅದಾವಂತ ತಂದೆ ನೋಡು, ಸೀರಿ ಆರಿಸಿದಂಗ” ಎಂದು ಅಕ್ಕೋರು ತಮ್ಮ ಹಣೆಗೆ ತಾವೇ ಬಡಿದುಕೊಂಡರು. “ಶನಿವಾರ ಸಾಲಿ ಬಿಟ್ಟ ಮ್ಯಾಲೆ ಹುಬ್ಬಳ್ಳಿಗೆ ಹೋಗೂಣು. ನೀನೂ ಬಾ. ಈ ಸಲ ನಿನ್ನ ಮೈಮ್ಯಾಲ ಹಚ್ಚಿ ನೋಡೇ ತರತೀನಿ.”

ಹುಬ್ಬಳ್ಳಿಯ ಆ ಪುಸ್ತಕದಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ಅರಿವೆ ಅಂಗಡಿಗಳ ನಡುವೆ ಸಿಕ್ಕಿಕೊಂಡಿತ್ತು. ಗಲ್ಲೆಯ ಮೇಲೆ ಕನ್ನಡಕ ಹಣೆಗೇರಿಸಿಕೊಂಡ ಮುದುಕರು. ಅಕ್ಕೋರು ಐಕಿಡೊ ಪುಸ್ತಕ ಎಷ್ಟಿವೆಯೋ ಎಲ್ಲ ತೆಗೆಯಲು ಹೇಳಿದರು. ಕರಾಟೆಯದೂ ಜೂಡೋದೂ ಅದರಲ್ಲಿ ಸೇರಿ ಬಂದವು, ಅವನ್ನು ಮೊದಲು ಬದಿಗೆ ಸರಿಸಿದರು. ಉಳಿದದ್ದರಲ್ಲಿ ಒಂದು ಇಟ್ಟಂಗಿಯಂತಿತ್ತು. ನೂರಾರು ಪಟ್ಟುಗಳು, ಒಂದೊಂದಕ್ಕೆ ಒಂದೇ ಚಿತ್ರ. “ಇದು ಮೊದಲ ಗೊತ್ತಿದ್ದವರಿಗೆ” ಎಂದು ತಿರುಗಿಸಿ ಇಟ್ಟರು. ಇನ್ನೊಂದರಲ್ಲಿ ಮುಕ್ಕಾಲು ಭಾಗ ಗುರುಗಳ ಚರಿತ್ರೆ, ತತ್ತ್ವ. ಅದನ್ನು ನಿಂತಲ್ಲೇ ಆಸೆಯಿಂದ ಎರಡು ಪುಟ ಓದಿ, ನಿಟ್ಟುಸಿರಿಟ್ಟು ಮುಚ್ಚಿದರು. ಮತ್ತೊಂದರಲ್ಲಿ ಕಾಲೇನೋ ಕಾಣುತ್ತಿದ್ದವು, ಆದರೆ ಬೀಳುವುದನ್ನು ಹೇಳಿರಲಿಲ್ಲ. “ಕೆಡವೂದು ಹೇಳಿ ಬೀಳೂದು ಹೇಳದಿದ್ರ ಮಕ್ಕಳ ಎಲವು ಮುರಿತಾವ. ಇವಂಗೇನು, ಬರದು ಕೈ ತೊಳಕೊಂಡಾನ.”

ಕೊನೆಗೆ ಉಳಿದದ್ದು ಒಂದು ತೆಳ್ಳನೆಯದು. ರಟ್ಟಿನ ಬಣ್ಣ ಬಿಸಿಲಿಗೆ ಹೋಗಿತ್ತು. ಒಳಗೆ ಕಪ್ಪು ಗೆರೆಯ ಚಿತ್ರಗಳು. ಸಾದಾ ಪಾಯಿಜಾಮದ ಇಬ್ಬರು, ಅವರ ಅಡಿಗೆ ಹೆಜ್ಜೆಯ ಗುರುತು. ಒಂದೇ ಪಟ್ಟನ್ನು ಮುಂದಿನಿಂದ ಒಮ್ಮೆ, ಬಾಜೂದಿಂದ ಒಮ್ಮೆ ಬರೆದಿದ್ದರು. ಮೊದಲ ಪಾಠವೇ ಬೀಳುವುದು. ಕೈ ಬಿಡಿಸಿಕೊಳ್ಳುವ ಪಾಠದ ಒಂದು ವಾಕ್ಯವನ್ನು ಅಕ್ಕೋರು ಓದಿದರು, ನಮ್ಮ ಮಾತಿಗೆ ತಿರುಗಿಸಿ ನನಗೆ ಹೇಳಿದರು. ನಮ್ಮ ಮಾತಿಗೆ ಬಂದ ಮೇಲೂ ಆ ವಾಕ್ಯ ನೆಟ್ಟಗೆ ನಿಂತಿತು. ಆಮೇಲೆ ಅಂಗಡಿಯ ಮುದುಕರ ಕಡೆ ತಿರುಗಿದರು.

“ಕಾಕಾ, ಈಕಿ ಕೈ ಹಿಡೀರಿ ಸ್ವಲ್ಪ. ಗಟ್ಟಿಯಾಗಿ.”

“ನಾನ್ಯಾಕ ಹಿಡೀಲಿ ತಂಗಿ? ಪುಸ್ತಕ ಮಾರಾವ ನಾನು. ಪೊಲೀಸರನ್ನ ಕರಸ್ತೀಯೇನು?”

ಕಡೆಗೆ ಅಕ್ಕೋರೇ ಹಿಡಿದರು. ನಾನು ಕೈ ಜಗ್ಗಲಿಲ್ಲ. ಅವರು ಹೇಳಿದಂತೆ ಹೆಜ್ಜೆಯನ್ನು ಅವರ ಹೆಜ್ಜೆಯ ಬದಿಗಿಟ್ಟು, ತಿರುಗಿ, ಅವರು ನೋಡುತ್ತಿದ್ದ ಕಡೆಗೇ ನೋಡುತ್ತ ನಿಂತೆ. ಇಬ್ಬರೂ ಒಂದೇ ದಾರಿ ಹಿಡಿದವರಂತೆ. ಅವರ ಬೆರಳು ತಾವಾಗಿ ಸಡಿಲಾದವು. ಅಕ್ಕೋರು ಮುಂದೆ ಮುಗ್ಗರಿಸಿ ಪಂಚಾಂಗದ ಗುಡ್ಡೆಯ ಮೇಲೆ ಕೈಯೂರಿದರು, ಪಂಚಾಂಗಗಳೆಲ್ಲ ನೆಲಕ್ಕೆ ಬಿದ್ದವು.

“ಸಿಕ್ತು!” ಎಂದು ಬಗ್ಗಿದಲ್ಲಿಂದಲೇ ಕೂಗಿದರು.

“ಸಿಕ್ಕಿದ್ರ ತಗೊಂಡು ಹೋಗ್ರಿ ನಮ್ಮವ್ವ,” ಅಂದರು ಮುದುಕರು, “ಇಡೀ ಅಂಗಡಿನ ಕೆಡವಬ್ಯಾಡ್ರಿ.”

ಅಲ್ಲಿಂದ ಹಬ್ಬದ ತನಕ ಕಲಿತದ್ದು ಬಹಳವಲ್ಲ. ಬೀಳುವುದು, ಏಳುವುದು, ಆ ಒಂದು ತಿರುವು. ಅಕ್ಕೋರು ಮುಂದಿನ ಪಾಠ ತೆರೆಯಗೊಡಲಿಲ್ಲ. ನಾನು ನೀರು ಸೇದುವಾಗ, ಅಂಗಳ ಗುಡಿಸುವಾಗ, ರೊಟ್ಟಿಯ ಹಂಚಿನ ಮುಂದಿಂದ ಏಳುವಾಗ ಕೂಡ ಹೆಜ್ಜೆ ತಿರುಗಿಸುತ್ತಿದ್ದೆ.

ಬನ್ನಿಯ ಸಂಜೆ ಅಕ್ಕೋರು ನಮ್ಮ ಮನೆಗೆ ಬಂದರು. ಬನ್ನಿ ಎಲೆ ಕೈಗಿಟ್ಟು ಬಂಗಾರದಂಗ ಇರೂಣು ಅಂದದ್ದಾಯಿತು, ಉಂಡಿ ತಿಂದದ್ದಾಯಿತು. ಅಪ್ಪ ಎದ್ದು ಅಂಗಳಕ್ಕಿಳಿದರು. “ಹೂಂ, ಬಾ ಇಲ್ಲಿ.”

ಹಿಡಿದರು. ಮಗಳೆಂದು ಸಡಿಲ ಬಿಡಲಿಲ್ಲ, ಅದಕ್ಕೆ ಇಂದಿಗೂ ಅವರ ಮೇಲೆ ನನಗೆ ಗೌರವ. ಕೈಯಲ್ಲಿ ರಕ್ತ ಓಡುವುದು ನಿಂತಂತಾಯಿತು. ಒಂದು ಕ್ಷಣ ಜಗ್ಗಬೇಕೆನಿಸಿತು… ಜಗ್ಗಲಿಲ್ಲ. ಹೆಜ್ಜೆ ಇಟ್ಟೆ, ತಿರುಗಿದೆ. ಅಪ್ಪ ನನ್ನ ಪಕ್ಕದಿಂದ ಹಾದು ಮುಂದೆ ಹೋಗಿ ತುಳಸಿ ಕಟ್ಟೆ ಹಿಡಿದು ನಿಂತರು. ತಮ್ಮ ಕೈಯನ್ನೇ ನೋಡಿಕೊಂಡರು. ಮತ್ತೆ ಬಂದು ಮತ್ತೂ ಬಿಗಿಯಾಗಿ ಹಿಡಿದರು. ಮತ್ತೆ ತುಳಸಿ ಕಟ್ಟೆ. ಆಮೇಲೆ ಎಡಗೈ ಹಿಡಿದರು. ಅದರಲ್ಲಿ ನನಗೆ ಅಭ್ಯಾಸ ಕಡಿಮೆ. ತಡವರಿಸಿದೆ. ಹಿಂದಿನಿಂದ ಅಕ್ಕೋರು “ಕಾಲು” ಎಂದಷ್ಟೇ ಅಂದರು. ಕಾಲು ತಾನಾಗಿ ಹೋಯಿತು.

“ಇನ್ನೊಮ್ಮಿ ಹಿಡದ್ರ ಬಾವಿ ಕಡೆ ಹೊಕ್ಕಿ ನೋಡಲೇ ಮಗನ” ಅಂದರು ಕಟ್ಟೆಯ ಮೇಲಿನ ಆಯಿ.

ಅಪ್ಪ ನಕ್ಕರು. ಧೋತರದ ಧೂಳು ಝಾಡಿಸಿಕೊಳ್ಳುತ್ತ ಅಕ್ಕೋರ ಕಡೆ ನೋಡದೆಯೇ ಹೇಳಿದರು, “ಹೋಗಲಿ ಬಿಡ್ರಿ ಸಾಲಿಗಿ.”

ಹೋದೆ. ಹತ್ತನೇ ಇಯತ್ತೆ ಪಾಸಾದೆ, ಮುಂದೆ ಅಣ್ಣಿಗೇರಿಯಲ್ಲಿ ಕಾಲೇಜೂ ಮುಗಿಯಿತು. ಬಸ್ಸಿನಲ್ಲಿ ಆ ತಿರುವು ಬೇಕಾದದ್ದು ಒಮ್ಮೆ ಮಾತ್ರ, ಅದೂ ಗದ್ದಲವಿಲ್ಲದೆ ಮುಗಿಯಿತು. ನಾನು ನಿಲ್ಲುವ ರೀತಿಯೇ ಬದಲಾಗಿತ್ತು, ಹಿಡಿಯಲು ಬರುವವರಿಗೆ ಅದು ದೂರದಿಂದಲೇ ತಿಳಿಯುತ್ತಿತ್ತೇನೋ. ಅಕ್ಕೋರಿಗೆ ಕುಂದಗೋಳಕ್ಕೆ ವರ್ಗವಾಯಿತು, ಆಮೇಲೆ ನಿವೃತ್ತಿ. ಮದುವೆ ಮಾಡಿಕೊಳ್ಳಲಿಲ್ಲ. ತಮ್ಮನ ಮನೆಯಲ್ಲಿದ್ದರು. ಫೋನು ಬಂದ ಮೇಲೆ ಆಗಾಗ ಮಾತಾಡುತ್ತಿದ್ದೆವು. ನಡುವೆ ನನ್ನ ಮನೆಯಲ್ಲಿ ಕಾಯಿಲೆ ಕಸಾಲೆ, ಅವರ ಕಿವಿಯೂ ಮಂದವಾಗಿ… ಮಾತು ನಿಂತಿತ್ತು.

ನನ್ನ ತಮ್ಮ ಈಗ ಅಳ್ನಾವರದಲ್ಲಿದ್ದಾನೆ, ಅವನ ಮಗಳು ಧಾರವಾಡದಲ್ಲಿ ಓದುತ್ತಾಳೆ. ಅಲ್ಲಿ ಐಕಿಡೊ ಕಲಿಸುವವರಿದ್ದಾರಂತೆ, ಸೇರಿದ್ದಾಳೆ. ರಜೆಗೆ ನಮ್ಮಲ್ಲಿಗೆ ಬಂದಾಗ, ಕ್ಲಾಸಿಲ್ಲದ ದಿನ ನೋಡಿಕೊಳ್ಳಲು ಒಂದು ಒಳ್ಳೆಯ ಪುಸ್ತಕ ಬೇಕು, ಯಾವುದು ತರಿಸಲಿ ಎಂದು ಕೇಳಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಕ್ಷಣವೇ ಅಕ್ಕೋರಿಗೆ ಫೋನು ಹಚ್ಚಿದೆ. ಎತ್ತಿದವರು ಅವರ ತಮ್ಮ.

“ಅಕ್ಕ ಹೋಗಿ ಬಾಳ ದಿನ ಆತಲ್ಲರಿ… ನಿಮಗ ಯಾರೂ ತಿಳಿಸಲಿಲ್ಲೇನು?”

ಇಲ್ಲ ಎಂದೆ. ಏನು ಕೆಲಸವಿತ್ತೆಂದು ಕೇಳಿದರು. ಏನಿಲ್ಲ, ಒಂದು ಪುಸ್ತಕದ ವಿಷಯ ಎಂದು ಹೇಳಿ ಇಟ್ಟುಬಿಟ್ಟೆ. ಅಡುಗೆ ಮನೆಗೆ ಹೋಗಿ ಹಾಲು ಕಾಯಿಸಲು ಇಟ್ಟೆ, ಅದು ಉಕ್ಕುವ ತನಕ ಅಲ್ಲೇ ನಿಂತಿದ್ದೆ.

ಸಂಜೆ ಹುಡುಗಿ ಮೊಬೈಲು ಹಿಡಿದು ನನ್ನ ಬಾಜೂಕ ಕೂತಳು. ಸಾಲುಸಾಲು ಪುಸ್ತಕಗಳು. ಒಳಗಿನ ಒಂದಿಷ್ಟು ಪುಟಗಳನ್ನು ನೋಡಗೊಡುತ್ತಾರೆ. ಚಂದದ ಫೋಟೋದ್ದು ಬ್ಯಾಡ ಅಂದೆ. ಬಹಳ ಪಟ್ಟುಗಳದ್ದೂ ಬ್ಯಾಡ. ಬೀಳುವುದು ಮೊದಲಿಗೆ ಇದೆಯೇ ನೋಡು, ಹೆಜ್ಜೆ ಕಾಣುತ್ತದೆಯೇ ನೋಡು ಅಂದೆ. ಒಂದರ ವಾಕ್ಯವನ್ನು ಅವಳಿಂದ ಓದಿಸಿ, ನಮ್ಮ ಮಾತಿನಲ್ಲಿ ಹೇಳು ಅಂದೆ. ಹೇಳಿದಳು. ನಾನು ಎದ್ದು ಅದರಂತೆ ಹೆಜ್ಜೆಯಿಟ್ಟೆ. ಮೊಣಕಾಲು ಸ್ವಲ್ಪ ಚಳುಕು ಹೊಡೆಯಿತು, ಆದರೆ ಹೆಜ್ಜೆ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು.

“ಇದನ್ನ ತರಿಸ್ಲೇನು ಅತ್ತಿ? ಇಲ್ಲಾ, ಗೊತ್ತಿದ್ದವರನ್ನ ಒಂದು ಮಾತು ಕೇಳೂಣೇನು?”

“ತರಿಸು,” ಅಂದೆ, “ಇನ್ನ ಯಾರನ್ನೂ ಕೇಳೂದಿಲ್ಲ.”